ಹಂದಿಮರಿಯ ಬಾಲ

ಕಂದು, ಮಾತೆಯ ಕೂದಲು ಕಂದಾಗಿದೆ, ಇಲ್ಲ, ಸಂಜೆಬಿಸಿಲಿಗೆ ಹಾಗೆ ಕಾಣುತ್ತಿರಬೇಕು, ಬಾಸಿಲಿಯಾ ಮೇಣದ ಬತ್ತಿಗೆ ಕೈ ಅಡ್ಡ ಹಿಡಿದು ಕತ್ತು ಚಾಚಿದಳು, ರೋಮಿನವರ ಮೆರವಣಿಗೆ ಮೊದಲು ದಾಟಬೇಕು, ಆಮೇಲೆ ನಮ್ಮದು, ಪ್ರತಿ ಶುಭ ಶುಕ್ರವಾರ ಈ ಮೂಲೆಯಲ್ಲಿ ಇದೇ ಹಾಡು — ಅವರೂ ಕಥೋಲಿಕರು, ನಾವೂ ಕಥೋಲಿಕರು, ಅದೇ ಪೂಜೆ, ಅದೇ ಧೂಪ, ನಮ್ಮಲ್ಲಿ ಪೋಪರ ಮಾತು ನಡೆಯುವುದಿಲ್ಲ, ಪಾದ್ರಿಗೆ ಹೆಂಡತಿ ಇರುತ್ತಾಳೆ, ಆ ಹೆಂಡತಿ ನಾನು, ಹಾಗಾಗಿ ಕಾಯುವವರು ನಾವು. ಗಾಡಿಯ ಮೇಲೆ ವ್ಯಾಕುಲ ಮಾತೆ ಅಲುಗುತ್ತ ಬರುತ್ತಿದ್ದಾಳೆ, ಎದೆಯಲ್ಲಿ ಬೆಳ್ಳಿಯ ಕತ್ತಿ, ಅಜ್ಜಿಯ ಕಾಲದಿಂದ ನಮ್ಮ ಮನೆಯಲ್ಲಿದ್ದ ಮರದ ಸ್ವರೂಪ, ಅವಳ ತಲೆಯ ಕೂದಲು ನನ್ನದು, ಅಮ್ಮ ಹಾಸಿಗೆ ಹಿಡಿದಾಗ ಹರಕೆ ಹೊತ್ತು ಬುಡಕ್ಕೆ ಕತ್ತರಿಸಿ ಕೊಟ್ಟದ್ದು, ಅಮ್ಮ ಎದ್ದಳು, ಮೊಮ್ಮಕ್ಕಳನ್ನೂ ಎತ್ತಿ ಆಡಿಸಿದಳು, ಹುಲ್ಲು ಸುಟ್ಟ ಬೂದಿನೀರಿನಲ್ಲಿ ತೊಳೆದು ತೊಳೆದು ಸಾಕಿದ ಕೂದಲು, ಇಡೀ ತಲೆ ನೆಟ್ಟಗೆ, ಎಡಗಿವಿಯ ಹತ್ತಿರ ಒಂದು ಎಳೆ ಮಾತ್ರ ಸುರುಳಿ, ಅಕ್ಕ ಉರ್ಸುಲಾ ನಗುತ್ತಿದ್ದಳು, ಲೇ ಲಿಯಾ, ನಿನ್ನ ಹಂದಿಮರಿ ಬಾಲ ಮತ್ತೆ ಹೊರಗೆ ಬಂತು ನೋಡೇ.

ಅದೇ ಅಕ್ಕ, ನಾನು ಮಾಕಾರಿಯೊ ಪಾದ್ರಿಯನ್ನು ಮದುವೆಯಾದಾಗ ಸ್ವರೂಪವನ್ನು ತನ್ನ ಮನೆಗೆ ಹೊರಿಸಿಕೊಂಡು ಹೋದಳು, ಪಾದ್ರಿ ಹೆಂಡ್ತಿ ಜೊತೆ ಮಲಗೋ ಮನೇಲಿ ಮಾತೆ ಹೆಂಗೆ ಇರ್ತಾಳೆ ಹೇಳು, ಅಂದಳು, ಹಂಗಾದ್ರೆ ನನ್ನ ಕೂದಲು ವಾಪಸ್ ಕೊಡು ಮನಾಂಗ್, ಕೊಡಕ್ಕಾ, ಅಂದೆ, ಹರಕೆಗೆ ಕೊಟ್ಟಿದ್ದು ಕಣೇ, ಇನ್ನು ನಿನ್ನದಲ್ಲ ಅದು. ಅಂದಿನಿಂದ ಮಾತೆಯ ತಲೆ ಬಾಚುವವಳು ಅವಳು, ಸುರುಳಿಯನ್ನು ಮುಸುಕಿನೊಳಗೆ ತುರುಕುವವಳು ಅವಳು, ಊರೆಲ್ಲ ಹೊಗಳುವುದು ಅವಳನ್ನು, ಇಲ್ಲಿ ನನ್ನ ತಲೆ ನರೆತು ಬೆಳ್ಳುಳ್ಳಿಯ ಬೇರಿನ ಹಾಗಾಯಿತು, ಅಲ್ಲಿ ನನ್ನ ಪ್ರಾಯ ಕಪ್ಪಗೆ ಹಾಗೇ ಕುಳಿತಿದೆ, ಮರದ ಗೊಂಬೆಯ ಮೇಲೆ ಹೊಟ್ಟೆಕಿಚ್ಚೇ, ಹೌದು, ಹೊಟ್ಟೆಕಿಚ್ಚೇ, ಪಾಪನಿವೇದನೆಯಲ್ಲಿ ಹೇಳಿಕೊಳ್ಳೋಣವೆಂದರೆ ಕೇಳುವ ಪಾದ್ರಿ ಗಂಡನೇ, ರಾತ್ರಿ ಊಟಕ್ಕೆ ಕುಳಿತಾಗ ಮುಖದಲ್ಲಿ ನಗು ತಡೆಯುತ್ತಾನೆ.

ಗಾಡಿ ಹತ್ತಿರವಾಯಿತು — ಬಿಸಿಲಲ್ಲ, ಕಂದೇ, ಅಂಗಡಿಯ ಹೊಸ ಕೂದಲು, ಪ್ಲಾಸ್ಟಿಕ್ಕಿನಂತೆ ಮಿನುಗುತ್ತಿದೆ, ಹಾಗಾದರೆ ನನ್ನದನ್ನು ಅಕ್ಕ ಎಸೆದಳು, ಎಸೆಯುವಾಗಲಾದರೂ ಒಂದು ಮಾತು ಕೇಳಬಾರದಿತ್ತೇ, ಕಸದ ಗುಂಡಿಯಿಂದ ನಾನೇ ಆಯ್ದುಕೊಳ್ಳುತ್ತಿದ್ದೆ. ಅಗೋ ಗಾಡಿಯ ಹಿಂದೆ ಮಗಳ ತೋಳು ಹಿಡಿದು ಮಹಾರಾಣಿ ಬರುತ್ತಿದ್ದಾಳೆ, ಕ್ರಿಸ್ಮಸ್ಸಿನಿಂದ ಮುಖವೇ ತೋರಿಸಿರಲಿಲ್ಲ, ತರಕಾರಿಯವಳು ಅಂದಿದ್ದಳು, ನಿಮ್ಮಕ್ಕ ವಾರವಾರ ವಿಗಾನ್ ಪೇಟೆಗೆ ಹೋಗ್ತಾರಂತೆ ಕಣ್ರೀ, ನಾನು ಅಂದೆ, ಮುದುಕಿಗೆ ಶೋಕಿ ಹತ್ತಿದೆ ಬಿಡಿ, ನಿಜವೇ ಆಯಿತಲ್ಲ, ಎಷ್ಟು ಸಣ್ಣಗಾಗಿದ್ದಾಳೆ, ಹುಡುಗಿಯರ ಹಾಗೆ ಸೊಂಟ, ಹುಬ್ಬು ಬೋಳಿಸಿ ಪೆನ್ಸಿಲ್ಲಿನಲ್ಲಿ ಗೀಚಿಕೊಂಡಿದ್ದಾಳೆ, ಮತ್ತೆ ಕೂದಲು — ಜರತಾರಿ ಮುಸುಕಿನ ಕೆಳಗೆ ಸೊಂಪಾಗಿ, ಕಾಡಿಗೆ ಕಪ್ಪು, ನನಗಿಂತ ದೊಡ್ಡವಳಿಗೆ, ಬಣ್ಣ ಹಚ್ಚಿದ್ದಾಳೆ, ದೇವರೇ ನನಗೆ ನರೆ, ಅವಳಿಗೆ ಇದು, ಅಷ್ಟು ದಪ್ಪ ಅವಳದು ಯಾವತ್ತೂ ಇರಲಿಲ್ಲ, ಇಲಿಬಾಲದಂಥ ಜಡೆ ಅವಳದು, ಹಾಗಿದ್ದ ಮೇಲೆ ಎಲ್ಲಿಂದ —

ಗಾಳಿ ಬಂತು, ಮೇಣದ ಬತ್ತಿಗಳು ಆರಿದವು, ಅಕ್ಕನ ಮುಸುಕು ಹೆಗಲಿಗೆ ಜಾರಿತು, ಅದರ ಜೊತೆ ಕೂದಲೂ ಒಂದಿಷ್ಟು ಜಾರಿತು, ಇಡಿಯಾಗಿ, ಟೋಪಿಯ ಹಾಗೆ, ಕಿವಿಯ ಹಿಂದೆ ಬರೀ ಚರ್ಮ, ಬೋಳು, ಮಗುವಿನ ನೆತ್ತಿಯ ಹಾಗೆ ತೆಳ್ಳಗೆ, ವಿಗಾನಿಗೆ ವಾರವಾರ, ವಾರವಾರ, ಶೋಕಿಗಲ್ಲ, ಆಸ್ಪತ್ರೆಗೆ, ಅಮ್ಮ ಎದ್ದಳಲ್ಲ ಲಿಯಾ, ಈ ಕೂದಲಿಗೆ ಅಮ್ಮ ಎದ್ದಳಲ್ಲ, ಯಾರು ಅಂದದ್ದು, ಯಾರೂ ಅನ್ನಲಿಲ್ಲ, ಅಕ್ಕ ಈ ಕಡೆ ನೋಡಿದಳು, ನೇರವಾಗಿ ನನ್ನನ್ನೇ, ಕದ್ದು ಸಿಕ್ಕಿಬಿದ್ದವಳ ಹಾಗೆ, ಬೆನ್ನ ಹಿಂದೆ ಮಾಕಾರಿಯೊ ಅನ್ನುತ್ತಿದ್ದಾನೆ, ನಡಿಯೇ, ನಮ್ಮ ಸರದಿ ಬಂತು, ಅಕ್ಕನ ಎಡಗಿವಿಯ ಹತ್ತಿರ ಸುರುಳಿ ಹೊರಗೆ ಬಂದಿದೆ, ಬೆರಳಿನಿಂದ ಒಳಗೆ ತುರುಕುತ್ತಾಳೆ, ಮತ್ತೆ ಬರುತ್ತದೆ, ತುರುಕುತ್ತಾಳೆ, ಮತ್ತೆ, ಹಂದಿಮರಿಯ ಬಾಲ