ಪಕ್ಕದ ಮನೆಯ ಕೊಳವೆ

"ಬಾಯ್ಲರ್ ಮುಳ್ಳು ಮತ್ತೆ ಸೊನ್ನೆಗೆ ಬಂದು ಕೂತಿದೆ ಕಣಪ್ಪಾ" ಎಂದು ಡೋರೀನ್ ವಿಟಾಕರ್ ಫೋನ್ ಮಾಡಿದಾಗ ಬ್ರೆಂಡನ್ ಹಾರ್ಗ್ರೀವ್ಸ್‌ಗೆ ಮೊದಲು ಬಂದದ್ದು ಸಿಟ್ಟು. ನಾಚಿಕೆ ಬಂದದ್ದು ಆಮೇಲೆ. ಅವಳ ಅಣ್ಣ ಆರ್ನಲ್ಡ್‌ನನ್ನು ಮಣ್ಣು ಮಾಡಿ ಇನ್ನೂ ಹನ್ನೊಂದು ದಿನ ಆಗಿತ್ತಷ್ಟೆ. ಸಾವಿನ ಮನೆಯಿಂದ ಬಂದ ಫೋನಿಗೂ ಮುಖ ಗಂಟು ಹಾಕುತ್ತೀಯಲ್ಲೋ ಎಂದು ತನ್ನನ್ನೇ ಬೈದುಕೊಂಡು, ಸಾಮಾನಿನ ಪೆಟ್ಟಿಗೆಯನ್ನು ವ್ಯಾನಿಗೆ ಹಾಕಿ ಹೊರಟ.

ಇಂಗ್ಲೆಂಡಿನ ಬರ್ನ್ಲಿಯ ಗುಡ್ಡದ ಬೀದಿಗಳಲ್ಲಿ ಮನೆಗಳು ಒಂದರ ಹೆಗಲಿಗೆ ಒಂದು ಹೆಗಲು ಕೊಟ್ಟು ನಿಂತಿವೆ. ಇವನ ಕೆಮ್ಮು ಅವನಿಗೆ ಕೇಳುತ್ತದೆ, ಅವಳ ಜಗಳ ಇವಳಿಗೆ ಕೇಳುತ್ತದೆ. ಆ ಮನೆಗಳಲ್ಲಿ ಅರ್ಧದಷ್ಟರಲ್ಲಿ, ಮನೆ ಬೆಚ್ಚಗಿಡುವ ಬಾಯ್ಲರುಗಳ ಹೊಟ್ಟೆಯೊಳಗೆ ಬ್ರೆಂಡನ್ ಕೈ ಹಾಕಿದ್ದಾನೆ. ಮೂವತ್ತು ವರ್ಷದ ಕಸುಬು. ಬಾಗಿಲಲ್ಲಿ ನಿಂತು ಸದ್ದು ಕೇಳಿಯೇ ರೋಗ ಹೇಳಬಲ್ಲೆ ಎಂದು ಪಬ್ಬಿನಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಜನ ಅದನ್ನು ನಂಬಿದ್ದರು. ಅದಕ್ಕಿಂತ ಕೆಟ್ಟದ್ದೆಂದರೆ, ಅವನೂ ನಂಬಿದ್ದ.

ಡೋರೀನ್ ಕೋಟು ತೊಟ್ಟುಕೊಂಡೇ ಬಾಗಿಲು ತೆಗೆದಳು. ಐವತ್ತೆಂಟರ ಹೆಂಗಸು ಎಪ್ಪತ್ತರವಳಂತೆ ಕಂಡಳು. ಒಳಗೆ ಉಸಿರು ಬಿಟ್ಟರೆ ಹೊಗೆ ಕಾಣುತ್ತಿತ್ತು. ಅಡುಗೆಮನೆಗೆ ಹೋಗುವ ದಾರಿಯಲ್ಲಿ ಹಿಂದಿನ ಕೋಣೆ. ಆರ್ನಲ್ಡ್‌ನ ಮಂಚ ಇನ್ನೂ ಕಿಟಕಿಯ ಪಕ್ಕದಲ್ಲೇ ಇತ್ತು, ಹಾಸಿಗೆ ಸುತ್ತಿಟ್ಟಿತ್ತು. ಮಂಚದ ಕೆಳಗಿನ ನೆಲಹಲಗೆಗಳಲ್ಲಿ ಆರು ಹೊಸವು. ಬಿಳಿಯ ಮರ, ಬ್ರೆಂಡನ್‌ನೇ ಹೊಡೆದ ಮೊಳೆ.

"ಟೀ ಮಾಡ್ಲಾ?"

"ಮೊದ್ಲು ಇದನ್ನ ನೋಡ್ತೀನಿ, ತಾಯಿ."

ತಿಂಗಳ ಹಿಂದೆ ಮೊದಲ ಸಲ ಬಂದಾಗ ಈ ಮನೆ ಹೀಗೆ ಸತ್ತು ಬಿದ್ದಿರಲಿಲ್ಲ. ದಿನಾ ಬೆಳಗ್ಗೆ ಬಾಯ್ಲರಿನ ಪ್ರೆಶರ್ ಬಿದ್ದಿರುತ್ತಿತ್ತು, ಡೋರೀನ್ ಕೆಳಗಿನ ನಲ್ಲಿ ತಿರುಗಿಸಿ ನೀರು ತುಂಬಿಸುತ್ತಿದ್ದಳು. ಮರುದಿನ ಅದೇ ಕಥೆ. ಆರ್ನಲ್ಡ್ ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಮಂಚದ ಮೇಲೆ ಒರಗಿದ್ದ. ಕಲ್ಲುಗಣಿಯ ಧೂಳು ಅವನ ಎದೆಗೂಡನ್ನು ಎಂದೋ ತಿಂದು ಮುಗಿಸಿತ್ತು.

"ಏನ್ ಮರಿ, ಬಾಯ್ಲರ್‌ಗೂ ನನ್ ಹಂಗೇ ದಮ್ಮು ನಿಲ್ತಿಲ್ವಾ?" ಎಂದು ಕೇಳಿದ್ದ.

"ನಿಮಗಿಂತ ಅದಕ್ಕೇ ಆಯಸ್ಸು ಜಾಸ್ತಿ, ಬಿಡಿ" ಎಂದು ಬ್ರೆಂಡನ್ ನಗಾಡಿದ್ದ. ಆರ್ನಲ್ಡ್ ನಕ್ಕು ನಕ್ಕು ಕೆಮ್ಮಿ, ಡೋರೀನ್ ಓಡಿ ಬಂದು ಇಬ್ಬರಿಗೂ ಬೈದಿದ್ದಳು. ಈಗ ಆ ಮಾತು ನೆನಪಾದರೆ ನಾಲಿಗೆಯನ್ನೇ ಕಿತ್ತು ಬಿಸಾಡಬೇಕು ಅನ್ನಿಸುತ್ತಿತ್ತು ಅವನಿಗೆ.

ಪ್ರೆಶರ್ ಬೀಳುವ ಬಾಯ್ಲರಿಗೆ ಈ ಕಸುಬಿನವರು ಮಾಡುವ ಪರೀಕ್ಷೆ ಒಂದಿದೆ. ಒಳಗಿನ ಒತ್ತಡ ಮಿತಿ ಮೀರಿದರೆ ನೀರನ್ನು ಹೊರಗೆ ಚೆಲ್ಲಲು ಸೇಫ್ಟಿ ವಾಲ್ವಿನಿಂದ ತಾಮ್ರದ ಸಣ್ಣ ಕೊಳವೆ ಗೋಡೆಯಾಚೆ ಹೋಗಿರುತ್ತದೆ. ಅದರ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಒಂದು ದಿನ ಬಿಡುವುದು. ಚೀಲದಲ್ಲಿ ನೀರಿದ್ದರೆ ತಪ್ಪು ಬಾಯ್ಲರಿನದು, ಒಣಗಿದ್ದರೆ ನೀರು ಮನೆಯೊಳಗೇ ಎಲ್ಲೋ ಸೋರುತ್ತಿದೆ. ಬ್ರೆಂಡನ್ ಹಿತ್ತಿಲಿಗೆ ಹೋಗಿ, ಬಾಯ್ಲರಿನ ನೇರಕ್ಕೆ ಗೋಡೆಯಿಂದ ಹೊರಬಂದಿದ್ದ ಕೊಳವೆಗೆ ಚೀಲ ಕಟ್ಟಿ ದಾರ ಬಿಗಿದ. ಎದೆಯೆತ್ತರದ ಪಾಗಾರದ ಆಚೆ ಇನ್ನೊಂದು ಕೊಳವೆ ಕಂಡಿತ್ತು, ಅದರ ಬಾಯಲ್ಲಿ ಮೊಳದುದ್ದ ಮಂಜುಗಡ್ಡೆ ನೇತಾಡುತ್ತಿತ್ತು. 'ಪಕ್ಕದವರದೂ ಸೋರ್ತಿದೆ, ಒಂದೇ ಓಣೀಲಿ ಎರಡು ಗಿರಾಕಿ' ಅಂದುಕೊಂಡು, ಹೋಗುವಾಗ ಆ ಮನೆಯ ಬಾಗಿಲಿನ ಟಪಾಲು ಸೀಳಿನಲ್ಲಿ ತನ್ನ ಕಾರ್ಡು ತೂರಿಸಿದ್ದ.

ಮರುದಿನ ಚೀಲ ಒಣಗಿತ್ತು. "ನೆಲದ ಕೆಳಗೆ ಸೋರ್ತಿದೆ, ಹಲಗೆ ಕೀಳ್ಬೇಕು" ಎಂದು ತೀರ್ಪು ಕೊಟ್ಟ. ಬಾಯ್ಲರ್ ಹಚ್ಚಿಟ್ಟು ಮುಳ್ಳು ಎಲ್ಲಿವರೆಗೆ ಏರುತ್ತದೆ ಎಂದು ಅರ್ಧ ಗಂಟೆ ನಿಂತು ನೋಡಬೇಕಿತ್ತು. ಚೀಲವೇ ಹೇಳಿತಲ್ಲ, ನೋಡಲಿಲ್ಲ. ಕೋಣೆಗಳಿಗೆ ಬಿಸಿನೀರು ಒಯ್ಯುವ ಪೈಪುಗಳಿದ್ದದ್ದು ಆರ್ನಲ್ಡ್‌ನ ಮಂಚದ ಕೆಳಗೆ. ಅವನನ್ನು ಮೇಲಿನ ಕೋಣೆಗೆ ಹೊತ್ತುಕೊಂಡು ಹೋದರು, ನೀರೆಲ್ಲ ಖಾಲಿ ಮಾಡಿದರು. ನಾಲ್ಕು ದಿನ ಮನೆಗೆ ಕಾವಿಲ್ಲ, ಹೊರಗೆ ಹಿಮ. ಕರೆಂಟಿನ ಒಂದು ಪುಟ್ಟ ಹೀಟರ್ ಅವನ ಕಾಲಬುಡದಲ್ಲಿ ಕೆಂಪಗೆ ಕೂತಿತ್ತು, ಅಷ್ಟೆ. ನೆಲದಡಿ ಒಂದು ಬೆಸುಗೆ ಹಸಿರುಗಟ್ಟಿತ್ತು. ಒದ್ದೆ ಇರಲಿಲ್ಲ, ಆದರೂ ಅದೇ ಕಳ್ಳ ಎಂದು ಬ್ರೆಂಡನ್ ಅದನ್ನು ಬದಲಿಸಿ ಹಲಗೆ ಮುಚ್ಚಿದ. ಐದನೆಯ ದಿನ ಆರ್ನಲ್ಡ್‌ಗೆ ಎದೆ ಕಟ್ಟಿತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದ. ಅಲ್ಲಿಂದ ಮನೆಗೆ ಬರಲಿಲ್ಲ.

ಈಗ ಬ್ರೆಂಡನ್ ನೀರು ತುಂಬಿಸಿ ಬಾಯ್ಲರ್ ಹಚ್ಚಿದ. ಈ ಸಲ ಕದಲದೆ ನಿಂತ. ಡೋರೀನ್ ಮೇಜಿನ ಬಳಿ ಕೂತು ಖಾಲಿ ಬಟ್ಟಲನ್ನು ತಿರುಗಿಸುತ್ತಿದ್ದಳು.

"ತಪ್ಪು ನಂದೇ ಕಣಪ್ಪಾ" ಎಂದಳು, ಅವನು ಏನೂ ಕೇಳದಿದ್ದರೂ. "ಎರಡ್ ನಿಮಿಷದ ಕೆಲ್ಸ, ನಲ್ಲಿ ತಿರುಗಿಸೋದು. ಅದೂ ಬೇಜಾರಾಗೋಯ್ತು ನಂಗೆ. ಸರಿ ಮಾಡಿಸ್ಲೇಬೇಕು ಅಂತ ಹಟ ಹಿಡ್ದೆ. ನಾನ್ ಸುಮ್ನಿದ್ದಿದ್ರೆ ಅವ್ನು ಇವತ್ತು ಆ ಮಂಚದ ಮೇಲಿರ್ತಿದ್ದ. ನನ್ ಸೋಮಾರಿತನಾನೇ ಅವನ್ನ ತಿಂದ್ಬಿಡ್ತು."

"ಹಂಗನ್ಬೇಡಿ, ಡೋರೀನ್."

"ಮತ್ತೆ ಹೆಂಗನ್ಲಿ?"

ಮುಳ್ಳು ಒಂದೂವರೆಯಿಂದ ಎರಡಕ್ಕೆ ಬಂತು. ಎರಡೂವರೆ. ನೀರು ಕಾದರೆ ಹಿಗ್ಗುತ್ತದೆ, ಆ ಹಿಗ್ಗನ್ನು ನುಂಗಲು ಒಳಗೆ ಗಾಳಿ ತುಂಬಿದ ಡಬ್ಬ ಇರುತ್ತದೆ. ಡಬ್ಬದ ಗಾಳಿ ಹೋಗಿದ್ದರೆ ಮುಳ್ಳು ಹೀಗೇ ಓಡುತ್ತದೆ, ಇದು ಅಪ್ರೆಂಟಿಸ್ ಹುಡುಗರಿಗೂ ಗೊತ್ತು. ಮೂರು ಮುಟ್ಟಿದ ಕೂಡಲೇ ಗೋಡೆಯಾಚೆ ಚಿರ್ರೆಂದು ನೀರು ಚೆಲ್ಲಿದ ಸದ್ದಾಯಿತು. ಬ್ರೆಂಡನ್ ಹಿತ್ತಿಲಿಗೆ ಓಡಿದ. ಅವನು ಚೀಲ ಕಟ್ಟಿದ್ದ ಕೊಳವೆ ಒಣಗಿ ನಿಂತಿತ್ತು. ನೀರು ಬೀಳುತ್ತಿದ್ದದ್ದು ಪಾಗಾರದ ಆಚೆ, ಹಬೆಯಾಡುತ್ತ, ಹಳೆಯ ಮಂಜುಗಡ್ಡೆಯ ಮೇಲೆ.

ಅದು ಡೋರೀನಳ ಬಾಯ್ಲರಿನ ನೀರೇ ಇರಬೇಕು. ಆದರೂ ಮನಸ್ಸು ಒಂದು ಹುಲ್ಲುಕಡ್ಡಿ ಹುಡುಕಿತು. ಪಕ್ಕದವರ ಬಾಯ್ಲರೂ ಇದೇ ಹೊತ್ತಿಗೆ ಚೆಲ್ಲಿರಬಹುದಲ್ಲ? ಬೀದಿ ಸುತ್ತಿ ಆ ಮನೆಯ ಬಾಗಿಲು ಬಡಿದ. ಉತ್ತರವಿಲ್ಲ. ಗೋಡೆಯ ಗ್ಯಾಸ್ ಪೆಟ್ಟಿಗೆ ಬಾಯ್ದೆರೆದಿತ್ತು, ಒಳಗೆ ಮೀಟರೇ ಇಲ್ಲ; ಗ್ಯಾಸಿಲ್ಲದೆ ಬಾಯ್ಲರ್ ಉರಿಯುವ ಮಾತೇ ಇಲ್ಲ. ಬಗ್ಗಿ ಟಪಾಲಿನ ಸೀಳನ್ನು ಬೆರಳಿಂದ ಎತ್ತಿ ನೋಡಿದ. ತಿಂಗಳುಗಟ್ಟಲೆಯ ಕಾಗದ ಕಾಲೊರಸಿನ ಮೇಲೆ ಗುಡ್ಡೆ ಬಿದ್ದಿತ್ತು. ಗುಡ್ಡೆಯ ಪಕ್ಕದಲ್ಲಿ ಮುಖ ಮೇಲಾಗಿ ಅವನದೇ ಕಾರ್ಡು: 'ಹಾರ್ಗ್ರೀವ್ಸ್ ಹೀಟಿಂಗ್, ಮೂವತ್ತು ವರ್ಷಗಳ ಅನುಭವ.'

ವಾಪಸು ಬಂದು ಸಿಂಕಿನ ಕೆಳಗಿನ ಹಲಗೆ ತೆಗೆದು ಟಾರ್ಚು ಹಾಕಿದ. ಯಾವನೋ ಪುಣ್ಯಾತ್ಮ ಹೊಸ ಬಾಯ್ಲರ್ ಕೂರಿಸುವಾಗ ಕೊಳವೆಯನ್ನು ಕಪಾಟುಗಳ ಹಿಂದೆ ಓರೆಯಾಗಿ ಓಡಿಸಿ ಪಾಗಾರದಾಚೆ ಬಿಟ್ಟಿದ್ದ. ನೇರಕ್ಕಿದ್ದದ್ದು ಹಳೆಯ ಬಾಯ್ಲರಿನದು, ಒಳಗೆ ಕತ್ತರಿಸಿ ಬಿಟ್ಟ ಮೊಂಡುತುಂಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಬಿದ್ದದ್ದು ಎಮ್ಮೆಗಾದರೂ ಆಗಿದ್ದರೆ ಬದುಕಿಕೊಳ್ಳುತ್ತಿತ್ತು.

ಸಿಂಕಿನ ಕೆಳಗೆ ತಲೆ ಹಾಕಿಕೊಂಡೇ ಅವನು ಲೆಕ್ಕ ಹಾಕಿದ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಡಬ್ಬಕ್ಕೆ ಗಾಳಿ ತುಂಬಿಸಿ, ವಾಲ್ವ್ ಬದಲಿಸಿ, 'ಇದು ಬೇರೆ ರೋಗ, ಈಗ ಶುರುವಾಗಿದೆ' ಎಂದರೆ ಮುಗಿಯಿತು. ಆದರೆ ಅಲ್ಲಿ ಮೇಜಿನ ಹತ್ತಿರ ಒಬ್ಬಳು ಒಡಹುಟ್ಟಿದವನನ್ನು ಕೊಂದವಳು ತಾನೇ ಎಂದು ಕೂತಿದ್ದಳು. ಆ ಭಾರವನ್ನಾದರೂ ಇಳಿಸಿಬಿಡೋಣ ಅನ್ನಿಸಿತು. ತನ್ನ ಹೆಸರು ಹೋದರೆ ಹೋಗಲಿ.

ಎದ್ದು ಬಂದು ಅವಳ ಎದುರಿಗೆ ನಿಂತ.

"ಡೋರೀನ್, ನೆಲದಡಿ ಏನೂ ಸೋರ್ತಿರ್ಲಿಲ್ಲ. ಹಲಗೆ ಕೀಳೋದೇ ಬೇಕಿರ್ಲಿಲ್ಲ. ನಾನು ಚೀಲ ಕಟ್ಟಿದ್ದು ತಪ್ಪು ಕೊಳವೆಗೆ. ನಿಮ್ದು ಪಾಗಾರದ ಆಚೆ ಇದೆ. ಮಂಜುಗಡ್ಡೆ ನೇತಾಡ್ತಿದ್ದದ್ದು ನೋಡಿದ್ದೆ, ಪಕ್ಕದ ಮನೇದು ಅಂದ್ಕೊಂಡೆ. ಆ ಮನೆ ಖಾಲಿ ಅಂತ ವಿಚಾರಿಸೋ ಬುದ್ಧಿ ಬರ್ಲಿಲ್ಲ." ಟಾರ್ಚು ಆರಿಸಿ ಮೇಜಿನ ಮೇಲಿಟ್ಟ. "ಒಂದ್ ಗಂಟೆ ಕೆಲ್ಸ ಇತ್ತು. ಅವರನ್ನ ಮೇಲಕ್ಕೆ ಸಾಗಿಸಿದ್ದು ನನ್ನಿಂದ. ನಿಮ್ ತಪ್ಪೇನೂ ಇಲ್ಲ. ಎಲ್ಲಾ ನಂದೇ."

ಡೋರೀನ್ ಬಟ್ಟಲು ತಿರುಗಿಸುವುದನ್ನು ನಿಲ್ಲಿಸಿದಳು. ಕೂಗಾಡುತ್ತಾಳೆ, ಬಟ್ಟಲೆತ್ತಿ ಎಸೆಯುತ್ತಾಳೆ ಎಂದು ಅವನು ಕಾದ. ಎಸೆದಿದ್ದರೆ ಅವನಿಗೂ ಹಗುರವಾಗುತ್ತಿತ್ತು.

"ಆ ಮಂಜುಗಡ್ಡೆ..." ಎಂದಳು.

"ಹೂಂ."

"ಅವ್ನು ಹೇಳಿದ್ದ." ಅವಳ ದನಿ ಬಹಳ ಮೆಲ್ಲಗಿತ್ತು. "ದಿನವಿಡೀ ಆ ಕಿಟಕೀಲಿ ಅದನ್ನೇ ನೋಡ್ತಾ ಮಲಗಿರ್ತಿದ್ನಲ್ಲ. ನೀನು ಹಲಗೆ ಕೀಳೋ ಹಿಂದಿನ ಸಂಜೆ ಹೇಳ್ದ. 'ಡೋರಿ, ಪಕ್ಕದ ಮನೆ ಗ್ಯಾಸು ಅಕ್ಟೋಬರ್‌ನಲ್ಲೇ ಕಿತ್ತಾಕಿದಾರೆ, ಅಲ್ಲಿ ನೀರೆಲ್ಲಿಂದ ಬರುತ್ತೆ? ಅದು ನಮ್ದೇ ಕಣೇ. ಆ ಹುಡುಗನ್ಗೆ ಹೇಳು' ಅಂತ."

ಬ್ರೆಂಡನ್ ಕುರ್ಚಿಯ ಬೆನ್ನು ಹಿಡಿದುಕೊಂಡ.

"ನಾನೇನಂದೆ ಗೊತ್ತಾ? 'ಬಾಯ್ಮುಚ್ಕೊಂಡ್ ಬಿದ್ಕೋ, ಮೂವತ್ ವರ್ಷದಿಂದ ಅದೇ ಕೆಲ್ಸ ಮಾಡ್ತಿರೋವ್ನಿಗೆ ಗೊತ್ತಿಲ್ದೇ ಇರೋದು ನಿಂಗ್ ಗೊತ್ತಾ' ಅಂದೆ. ಆಮೇಲೆ ಅವ್ನು ಮಾತೇ ಆಡ್ಲಿಲ್ಲ. ಮಾರನೇ ದಿನ ಮೇಲಕ್ಕೆ ಹೊತ್ಕೊಂಡು ಹೋಗೋವಾಗ್ಲೂ ಆಡ್ಲಿಲ್ಲ."

ಭಾರ ಇಳಿಸುತ್ತೇನೆಂದು ಬಂದವನು ಇನ್ನೊಂದು ಕಲ್ಲು ಹೇರಿದ್ದ. ಸೋಮಾರಿತನವನ್ನಾದರೂ ಅವಳು ಎಂದಾದರೊಂದು ದಿನ ಮನ್ನಿಸಿಕೊಳ್ಳಬಹುದಿತ್ತು.

"ಸರಿ ಮಾಡು" ಎಂದಳು ಡೋರೀನ್, ಅವನ ಕಡೆ ನೋಡದೆ.

ಮಾಡಿದ. ಸೈಕಲ್ ಪಂಪಿನಿಂದ ಡಬ್ಬಕ್ಕೆ ಗಾಳಿ ತುಂಬಿದ, ಹೊಸ ವಾಲ್ವ್ ಕೂರಿಸಿದ, ನೀರು ಬಿಟ್ಟು ಹಚ್ಚಿದ. ಹಿಡಿದದ್ದು ಒಂದು ಗಂಟೆ ಐದು ನಿಮಿಷ. ಮುಳ್ಳು ಒಂದೂವರೆಯನ್ನು ದಾಟಿ ಕೂದಲೆಳೆಯಷ್ಟು ಮೇಲೇರಿ ಅಲ್ಲೇ ನಿಂತಿತು. ಹಿಂದಿನ ಕೋಣೆಯ ರೇಡಿಯೇಟರ್ ಟಿಕ್ ಟಿಕ್ ಎನ್ನುತ್ತ ಕಾದಿತು. ಗಾಜಿನ ಮೇಲಿನ ಮಂಜು ಕರಗಿ, ಮಂಚದ ಮೇಲೆ ಮಲಗಿದ್ದರೆ ಕಾಣಬಹುದಾಗಿದ್ದ ಎಲ್ಲವೂ ಕಂಡಿತು. ಹಿತ್ತಿಲು, ಪಾಗಾರ, ಆಚೆಗಿನ ಕೊಳವೆ.

ಡೋರೀನ್ ಬಂದು ರೇಡಿಯೇಟರಿನ ಮೇಲೆ ಅಂಗೈ ಇಟ್ಟಳು. ಸುಡುವವರೆಗೂ ತೆಗೆಯಲಿಲ್ಲ. ಆಮೇಲೆ ಅಡುಗೆಮನೆಗೆ ಹೋಗಿ ಬಾಯ್ಲರನ್ನು ಆರಿಸಿದಳು, ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು ಮೇಜಿನ ಬಳಿ ಕೂತಳು.

"ಇನ್ನು ಹೋಗಪ್ಪಾ" ಎಂದಳು.