ಈ ಸಲದ ಮಿಡಿಗೆ ಭರಣಿ

ಊರಿನಿಂದ ಬಸ್ಸಿಗೆ ಹಾಕಿದ ಮಾವಿನ ಮಿಡಿಯ ಬುಟ್ಟಿ ಗುರುವಾರ ಬೆಳಿಗ್ಗೆ ಡೊಂಬಿವಲಿಯ ಮನೆ ತಲುಪಿತು. ವೇದಾವತಿ ಗೋಣಿ ಬಿಚ್ಚಿ ನೋಡಿದಳು. ತೊಟ್ಟು ಮುರಿಯದ, ಹೆಬ್ಬೆರಳು ಗಾತ್ರದ ಮುನ್ನೂರು ಮಿಡಿ. ಅಡುಗೆಮನೆಯೆಲ್ಲ ಸೊನೆಯ ಘಮ. ನೆರಳಲ್ಲಿ ಬಟ್ಟೆ ಹಾಸಿ ಹರವಿದಳು. ಅಲ್ಲಿಗೆ ಅವಳ ಪಾಲಿನ ಕೆಲಸ ಮುಗಿಯಿತು.

ಈ ವರ್ಷ ಮಿಡಿ ಹಾಕುವವಳು ಅವಳಲ್ಲ. ಹಿಂದಿನ ಎರಡು ವರ್ಷ ಅವಳು ಹಾಕಿದ ಉಪ್ಪಿನಕಾಯಿ ಆಷಾಢಕ್ಕೆ ಮೊದಲೇ ಬೂಸು ಹಿಡಿದು ಕಸದ ಡಬ್ಬಿಗೆ ಹೋಗಿತ್ತು. ಅತ್ತೆ ಪದ್ಮಾವತಿ ಮೊದಲ ವರ್ಷ “ಹೊರಗಿದ್ದಾಗ ಮುಟ್ಟಿದ್ಯಾ?” ಎಂದು ಕೇಳಿದ್ದರು. ಎರಡನೆಯ ವರ್ಷ ಏನೂ ಕೇಳಲಿಲ್ಲ. ಈ ಸಲ ಕಿರಿಮಗ, ಕಿರಿಸೊಸೆ ಪ್ರಿಯಂವದಾ ಇರುವ ಮಾಜಿವಾಡಾದ ಮನೆಯಿಂದ ಫೋನು ಮಾಡಿ ಹೇಳಿಯೇಬಿಟ್ಟರು.

“ಶನಿವಾರ ಬಂದು ಮಿಡಿ ಕೊಂಡುಹೋಗ್ತೇನೆ. ಭರಣಿಯನ್ನೂ ತೊಳೆದಿಡು. ಪ್ರಿಯಂವದಾ ಹಾಕ್ಲಿ. ಕೆಲವರ ಕೈಗೆ ಉಪ್ಪಿನಕಾಯಿ ಆಗಿಬರುವುದಿಲ್ಲ, ಎಂತ ಮಾಡುವುದು.”

ಹದಿನೆಂಟು ವರ್ಷ ಹಾಕಿದವಳ ಕೈ ಎರಡು ವರ್ಷದಲ್ಲಿ ಹೇಗೆ ಕೆಟ್ಟಿತು ಎಂದು ಕೇಳಬೇಕೆನಿಸಿತು ವೇದಾವತಿಗೆ. ಆದರೆ ರಾತ್ರಿ ಮಲಗಿದಾಗ ಅಂಗೈ ತಿರುಗಿಸಿ ನೋಡಿಕೊಂಡಿದ್ದಳು, ಅಲ್ಲೇನೋ ಬರೆದಿದೆ ಎಂಬಂತೆ.

ಪಿಂಗಾಣಿ ಭರಣಿಯನ್ನು ಅಟ್ಟದಿಂದ ಇಳಿಸಿ ಬಾಲ್ಕನಿಯಲ್ಲಿ ಇಟ್ಟಳು. ಅದೇ ಹೊತ್ತಿಗೆ ಮರಗಮ್ಮ ಬಂದಳು. ಕೆಳಗಿನ ಮನೆಯ ಸೀಲಿಂಗಿಗೆ ಇವರ ಬಾತ್‌ರೂಮಿನ ನೀರು ಇಳಿಯುತ್ತದೆಂದು ಸೊಸೈಟಿ ನೋಟಿಸು ಕೊಟ್ಟಿತ್ತು. ಅದರ ರಿಪೇರಿ ಹಿಡಿದವನು ಮರಗಮ್ಮನ ಗಂಡ ಹಣಮಂತ್ರಾಯ. ಕಲಬುರಗಿ ಕಡೆಯ ಈ ಗಂಡಹೆಂಡಿರು ಹಿಂದಿನ ದಿನ ಬಾತ್‌ರೂಮಿನ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ನೆಲದ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಹೋಗಿದ್ದರು. ಈಗ ಅದನ್ನು ನೋಡಲು ಬಂದ ಮರಗಮ್ಮ ಬಾಲ್ಕನಿಯ ಬಾಗಿಲಲ್ಲಿ ನಿಂತಳು.

“ಅಕ್ಕೋರ, ಈ ಗಡಿಗಿ ಸೋರ್ಲಾಕತ್ತದ ಏನ್ರಿ?”

“ಗಡಿಗೆ ಅಲ್ಲ ಮಾರಾಯ್ತಿ, ಭರಣಿ. ಖಾಲಿ ಉಂಟು, ಎಂತ ಸೋರ್ತದೆ?”

“ಮತ್ತ ಬುಡಕ್ಕ ಬೆಳ್ಳಗ ಕಟ್ಟ್ಯಾದಲ್ಲ.”

“ಸೋಪಿನ ಪುಡಿ ಇರ್ಬೇಕು.”

ಮರಗಮ್ಮ ಬೆರಳಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡಳು. “ಉಪ್ಪು ಅದರೀ. ಒಳಗಿಂದು ಹೊರಗ ಬಂದದ. ಒಳಗ ನೀರು ನಿಲ್ಸಿ ನೋಡ್ರಿ, ನಿಮ್ಮ ಬಾತ್‌ರೂಮಿಂದು ಮಾಡೀವಲ್ಲ, ಹಂಗ. ನಾವು ನೀರಿಗೆ ಬಣ್ಣ ಹಾಕ್ತೀವ್ರಿ. ಬಿರುಕು ಎಲ್ಲಿ ಅದ, ಅದೇ ತೋರಿಸ್ತದ.”

ವೇದಾವತಿ ಭರಣಿಗೆ ಉಪ್ಪುನೀರು ತುಂಬಿ, ಎರಡು ಚಮಚ ಅರಿಶಿನ ಕದಡಿ, ಕೆಳಗೆ ಪೇಪರು ಹಾಸಿ ಇಟ್ಟಳು. ಶುಕ್ರವಾರ ಬೆಳಿಗ್ಗೆ ಹಾಲು ಕಾಯಿಸುವ ಮೊದಲೇ ಹೋಗಿ ಎತ್ತಿ ನೋಡಿದಳು. ಪೇಪರಿನ ಮೇಲೆ ಹಳದಿ ಬಳೆ ಮೂಡಿತ್ತು. ನೀರು ಚೆಲ್ಲಿ ಬಗ್ಗಿ ನೋಡಿದರೆ, ನುಣ್ಣಗಿದ್ದ ಒಳಮೈ ತುಂಬ ಕೂದಲೆಳೆಯಂಥ ಹಳದಿ ಗೆರೆಗಳು. ಗಾಜಿನಂತಿದ್ದ ಮೇಲ್ಪದರ ಸೀಳಿ, ಉಪ್ಪುರಸ ಮಣ್ಣಿಗೆ ಇಳಿಯುತ್ತಿತ್ತು. ರಸ ತಗ್ಗಿದ ಹಾಗೆ ಮೇಲಿನ ಮಿಡಿಗೆ ಗಾಳಿ ತಾಗುತ್ತಿತ್ತು. ಮತ್ತೆ ಬೂಸು ಬಾರದೆ ಇರುತ್ತದೆಯೆ.

ಅವಳಿಗೆ ಮೊದಲು ಬಂದದ್ದು ನಗು. ತನ್ನ ಕೈಯಲ್ಲ, ಭರಣಿ. ಆಮೇಲೆ ಒಲೆಯ ಮುಂದೆ ನಿಂತಾಗ ನಗು ಇಳಿಯಿತು. ಊರಿನಲ್ಲಿ ಅತ್ತೆ ಭರಣಿ ತೊಳೆದು ಎರಡು ದಿನ ಬಿಸಿಲಿಗೆ ಇಡುತ್ತಿದ್ದರು. ಪಕ್ಕದ ಬಿಲ್ಡಿಂಗು ಎದ್ದ ಮೇಲೆ ಈ ಬಾಲ್ಕನಿಗೆ ಬಿಸಿಲು ಬೀಳುವುದು ನಿಂತಿತ್ತು. ಅಂದಿನಿಂದ ಅವಳೇ ಕೊತಕೊತ ಕುದಿಯುವ ನೀರನ್ನು ತಣ್ಣಗಿನ ಭರಣಿಗೆ ಸುರಿಯುತ್ತ ಬಂದಿದ್ದಳು, ಚೊಕ್ಕಟವಾಗಲಿ ಎಂದು. ಸೀಳಿದ್ದು ಅದರಿಂದಲೇ. ಅದು ಅತ್ತೆಗೆ ಅವರ ತಾಯಿ ಕೊಟ್ಟ ಭರಣಿ.

ಮಗಳು ತನ್ವಿ ಕಾಲೇಜಿಗೆ ಹೊರಡುತ್ತ ಅಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. “ಮಮ್ಮಿ, ಚುಪ್ ರಹೋ ನಾ. ಭರಣಿ ಜಾನೇ ದೋ, ಹೋಗ್ಲಿ ಅಲ್ಲಿಗೆ. ಪ್ರಿಯಂವದಾ ಚಾಚಿಯ ಮನೇಲೂ ಹಾಳಾದ್ರೆ ಅಜ್ಜಿ ಯಾರ ಕೈಗೆ ಬ್ಲೇಮ್ ಮಾಡ್ತಾರೆ? ಕೇಸ್ ಖತಂ.”

“ನಿನ್ನ ಡಬ್ಬಿ ಮರೀಬೇಡ,” ಎಂದಳು ವೇದಾವತಿ.

ಆದರೆ ಮಾತು ಕಿವಿಯಲ್ಲೇ ಉಳಿಯಿತು. ಸುಮ್ಮನಿದ್ದರೆ ಸಾಕು, ಭರಣಿ ಒಡೆದವಳೂ ಆಗುವುದಿಲ್ಲ, ಕೈ ಕೆಟ್ಟವಳೂ ಆಗಿ ಉಳಿಯುವುದಿಲ್ಲ. ಚಪಾತಿ ಹಿಟ್ಟು ನಾದಿ ಮುಗಿಯುವ ತನಕ ಅದನ್ನೇ ಯೋಚಿಸಿದಳು. ಒಪ್ಪಿಬಿಟ್ಟಿದ್ದಳೋ ಏನೋ. ಕೈ ತೊಳೆದು ತಿರುಗಿದರೆ ಬಟ್ಟೆಯ ಮೇಲೆ ಮುನ್ನೂರು ಮಿಡಿ. ಗೊತ್ತಿದ್ದೂ ಗೊತ್ತಿದ್ದೂ ಅವನ್ನು ಕೊಳೆಯಲು ಕಳಿಸುವುದು ಅವಳಿಂದಾಗಲಿಲ್ಲ. ಮಧ್ಯಾಹ್ನ ಬೇರೆ ಜಾಡಿ ಹುಡುಕಲು ಚೀಲ ಹಿಡಿದು ಫಡ್ಕೆ ರೋಡಿಗೆ ಹೋದಳು.

ಅಂಗಡಿಯವನು ಮೊದಲು ತೋರಿಸಿದ್ದು ಪ್ಲಾಸ್ಟಿಕ್ ಭರಣಿ. ಅದಕ್ಕೆ ಎಣ್ಣೆ, ಖಾರ, ವಾಸನೆ ಹಿಡಿದರೆ ಬಿಡುವುದಿಲ್ಲ. ಸ್ಟೀಲಿನ ಡಬ್ಬಿ ಉಪ್ಪು ಹುಳಿಗೆ ಆಗದು. ಹೂವಿನ ಚಿತ್ರದ ಹೊಸ ಭರಣಿಯೊಳಗೆ ಬೆರಳಾಡಿಸಿದಾಗ ತಳದಲ್ಲಿ ಮೆರುಗು ಕೂರದ ಒರಟು ಜಾಗ ಸಿಕ್ಕಿತು. ಗಾಜಿನ ಜಾಡಿಗೆ ತಗಡಿನ ಮುಚ್ಚಳ. ಮಳೆಗಾಲ ಬರುವುದರೊಳಗೆ ತುಕ್ಕು. ಕೊನೆಗೆ ಗಾಜಿನದೇ ಮುಚ್ಚಳ, ರಬ್ಬರಿನ ಬಳೆ ಇದ್ದ ಐದು ಲೀಟರಿನ ಜಾಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದಳು. ಗುಳ್ಳೆಯಿಲ್ಲ. ಬೆರಳಿನಿಂದ ಬಡಿದರೆ ಠಣ್ ಎಂದಿತು. ಕೈ ಇಳಿಸಿದಳು, ಬಳೆ ಸಮೇತ ಹೋಗಿ ತಳ ಮುಟ್ಟಿತು.

“ವಹಿನಿ, ಮಗಳಿಗೆ ಗಂಡು ನೋಡ್ತಿದ್ದೀರಾ?” ಎಂದು ಅಂಗಡಿಯವನು ಮರಾಠಿಯಲ್ಲಿ ನಕ್ಕ.

“ಗಂಡು ಕೆಟ್ಟರೆ ಬುದ್ಧಿ ಹೇಳಬಹುದು ಭಾವೂ,” ಎಂದಳು ಅವಳೂ ಮರಾಠಿಯಲ್ಲೇ. “ಇನ್ನೊಂದು ರಬ್ಬರ್ ಕೊಡು.”

ಶನಿವಾರ ಹತ್ತು ಗಂಟೆಗೆ ಅತ್ತೆ ಬಂದರು. ಚಪ್ಪಲಿ ಬಿಡುತ್ತಲೇ ಕೇಳಿದರು, “ಭರಣಿ ಎಲ್ಲಿ? ಗೋಣಿ ಸುತ್ತಿ ಕೊಡು, ರಿಕ್ಷಾದಲ್ಲಿ ಕುಲುಕ್ತದೆ.”

“ಅದನ್ನು ಕೊಂಡುಹೋಗುವುದು ಬೇಡ ಅತ್ತೆ. ಒಳಗೆ ಸೀಳಿದೆ.”

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿದರು. ಹಳದಿ ಗೆರೆಗಳ ಮೇಲೆ ಉಗುರು ಎಳೆದರು. “ಹೇಗಾಯ್ತು?”

“ನಾನೇ ಮಾಡಿದ್ದು. ಬಿಸಿಲಿಲ್ಲ ಅಂತ ಪ್ರತಿ ವರ್ಷ ಕುದಿಯುವ ನೀರು ಹೊಯ್ತಿದ್ದೆ.”

“ಭರಣಿಗೆ ಕುದಿಯುವ ನೀರಾ? ಯಾರು ಹೇಳಿದ್ದು ನಿನಗೆ?”

“ಯಾರೂ ಇಲ್ಲ.”

“ನನ್ನ ಅಮ್ಮ ಕೊಟ್ಟದ್ದು ಅದು.”

“ಗೊತ್ತುಂಟು ಅತ್ತೆ.”

ಅತ್ತೆ ಸ್ಟೂಲಿನ ಮೇಲೆ ಕೂತರು. ತನ್ವಿ ತಂದಿಟ್ಟ ನೀರು ಹಾಗೇ ಇತ್ತು. ಭರಣಿಯ ಅಂಚು ಸವರುತ್ತ ಹೇಳಿದರು, “ನೀನು ಬಾಯಿ ಬಿಡದಿದ್ರೆ ನಾನು ಕೊಂಡುಹೋಗ್ತಿದ್ದೆ.”

“ಹೌದು.”

“ನನಗೆ ಗೊತ್ತೂ ಆಗ್ತಿರ್ಲಿಲ್ಲ.”

“ಇಲ್ಲ.”

ಅತ್ತೆ ಪಕ್ಕದಲ್ಲಿದ್ದ ಹೊಸ ಗಾಜಿನ ಜಾಡಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮುಚ್ಚಳ ತೆಗೆದು ಹಾಕಿ ನೋಡಿದರು. “ಗಾಜು. ಬೆಳಕು ಬೀಳ್ತದೆ.”

“ಬಟ್ಟೆ ಸುತ್ತಿ ಕಪಾಟಿನಲ್ಲಿ ಇಡ್ತೇನೆ,” ಎಂದ ವೇದಾವತಿ ತಡೆದು, “ಇಡ್ಬೇಕು. ಪ್ರಿಯಂವದಾಳಿಗೆ ಹೇಳಿ,” ಎಂದಳು.

ಅತ್ತೆ ಅವಳನ್ನು ಒಮ್ಮೆ ನೋಡಿದರು. ಫೋನು ತೆಗೆದು ಮಾಜಿವಾಡಾಕ್ಕೆ ಹಚ್ಚಿದರು. “ಪ್ರಿಯಂವದಾ, ಊಟಕ್ಕೆ ಕಾಯ್ಬೇಡ. ನನಗೆ ಇಲ್ಲಿ ಮಿಡಿ ಒರೆಸ್ಲಿಕ್ಕೆ ಉಂಟು.” ಆ ಕಡೆಯಿಂದ “ಅಬ್ಬ, ನಾನು ಬದುಕಿದೆ ಅತ್ತೆ” ಎಂಬ ದನಿ ತನ್ವಿಗೂ ಕೇಳಿಸಿ ಅವಳು ಕಿಸಕ್ಕೆಂದಳು.

ಅತ್ತೆ ನೆಲಕ್ಕೆ ಇಳಿದು ಕೂತು ಒಣಬಟ್ಟೆ ತೆಗೆದುಕೊಂಡರು. ಒಂದೊಂದೇ ಮಿಡಿ ಒರೆಸಿ ತಟ್ಟೆಗೆ ಹಾಕತೊಡಗಿದರು. ತಟ್ಟೆ ತುಂಬಿದಾಗ ತಲೆಯೆತ್ತದೆ ಹೇಳಿದರು, “ತಳಕ್ಕೆ ಉಪ್ಪು ಹಾಕಿ ಶುರು ಮಾಡು.”

“ನಾನಾ?”

“ಮತ್ತೆ ಯಾರು? ನನ್ನ ಕೈ ಈ ಜಾಡಿಯ ಬಾಯಿಯಲ್ಲಿ ಇಳಿಯುವುದಿಲ್ಲ.”

ಅತ್ತೆಯ ಕೈ ಅವಳದಕ್ಕಿಂತ ಸಪೂರ, ತೆಳ್ಳಗೆ. ವೇದಾವತಿ ಬಳೆ ಮೇಲಕ್ಕೆ ಏರಿಸಿ, ಅಂಗೈಯನ್ನು ಸೆರಗಿಗೆ ಎರಡೆರಡು ಸಲ ಒರೆಸಿ ಒಣಗಿಸಿಕೊಂಡು, ಒಂದು ಮುಷ್ಟಿ ಕಲ್ಲುಪ್ಪು ಎತ್ತಿಕೊಂಡಳು.