ಕೊಕ್ಕಿದ್ದ ಎಲೆ

ಸೈಕಲ್ಲಿನ ಹ್ಯಾಂಡಲಿನ ಕೆಳಗೆ, ಕುಂಚ ಎತ್ತದೆ ಒಂದೇ ಎಳೆತಕ್ಕೆ ಹಕ್ಕಿ ಬರೆಯುವುದು ಆ ಸೈಕಲ್ ಅಂಗಡಿಯ ಪದ್ಧತಿ. ಅಪ್ಪನ ಕೈ ನಡುಗತೊಡಗಿದಾಗ ಮಗಳು ಶಾಲೆ ಬಿಟ್ಟು ಕುಂಚ ಹಿಡಿದಿದ್ದಳು. ಅಪ್ಪ ಹೋದ ಮೇಲೆ ಅಂಗಡಿ ಅಣ್ಣನದಾಯಿತು, ಹಕ್ಕಿ ಅವಳದಾಯಿತು.

ಈಗ ಆ ಹಕ್ಕಿ ತಮ್ಮದೆಂದು ದೊಡ್ಡ ದತ್ತಿ ಸಂಸ್ಥೆಯೊಂದು ನೋಟಿಸು ಕಳಿಸಿತ್ತು. ಅವರ ಆಸ್ಪತ್ರೆ, ಆಂಬುಲೆನ್ಸು, ನೀರಿನ ಟ್ಯಾಂಕರು ಎಲ್ಲದರ ಮೇಲೂ ಅಂಥದೇ ಹಕ್ಕಿ. ಅವರು ಅದನ್ನು ನೋಂದಾಯಿಸಿದ್ದರು. ಅಪ್ಪನಿಗೆ ಅದೆಲ್ಲ ಹೊಳೆದೇ ಇರಲಿಲ್ಲ.

"ಕೋರ್ಟಿಗೆ ಹೋಗೋಣ ಅಣ್ಣ. ನಮ್ಮದೇ ಮೊದಲಲ್ವಾ?" ಅಂದಳು.

"ಅಯ್ಯೋ ಗುಮ್ಮನಗುಸುಕಿ, ಇವತ್ತು ಬಾಯಿ ಬಂತಾ? ಅಮ್ಮನ ರಕ್ತ ಸೋಸೋ ಮಷೀನು ಯಾರದ್ದು ಹೇಳು. ಪುಕ್ಕಟೆ ಮಾಡ್ತಿದ್ದಾರೆ. ಅವರ ಮೇಲೇ ಕೇಸು ಹಾಕಿ, ಅವರ ಬಾಗಿಲಲ್ಲೇ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಮಷೀನು ನಿಲ್ಲಿಸುತ್ತೇವೆಂದು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅವಳು ಮರಳುಕಾಗದ ಹಿಡಿದು ಅಂಗಡಿಯ ಸೈಕಲ್ಲುಗಳ ಮೇಲಿದ್ದ ಹಕ್ಕಿಗಳನ್ನೆಲ್ಲ ಉಜ್ಜಿ ತೆಗೆದಳು. "ಬದಲಿಗೆ ಎಲೆ ಬರಿ," ಅಂದ ಅಣ್ಣ. ಉಸಿರು ಬಿಗಿಹಿಡಿದು ಎಳೆದಳು. ತುದಿಯ ಹತ್ತಿರ ಮಣಿಕಟ್ಟು ತಾನಾಗಿ ತಿರುಗಿತು. ಒರೆಸಿ ಮತ್ತೆ ಎಳೆದಳು. ಮತ್ತೆ ಅದೇ ತಿರುವು. ನಿಧಾನಿಸಿದರೆ ಬಣ್ಣ ಸೋರಿ ಗಲೀಜಾಯಿತು.

ಪರಿಶೀಲನೆಗೆ ಬಂದ ಸಂಸ್ಥೆಯ ಮೇಡಂ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಎಲೆ ಅಂದ್ರಿ, ಇದಕ್ಕೆ ಕೊಕ್ಕಿದೆಯಲ್ರೀ!"

"ಸ್ಟಿಕ್ಕರ್ ಅಂಟಿಸ್ತೀನಿ ಮೇಡಂ, ಇನ್ನು ಇವಳ ಕೈಗೆ ಕುಂಚವೇ ಕೊಡಲ್ಲ," ಅಣ್ಣ ಗಡಬಡಿಸಿದ.

ಮೇಡಂ ಒಳ್ಳೆಯವರು. ಕಷ್ಟವಾದದ್ದೇ ಅದರಿಂದ.

"ಛೆ, ಇಂಥ ಕೈ ಯಾಕೆ ಹಾಳಾಗಬೇಕು? ನಮ್ಮ ಗಾಡಿಗಳಿಗೆ ಬರೀಲಿ, ಸಂಬಳ ಕೊಡ್ತೀವಿ. ಏನಮ್ಮಾ, ಬರ್ತೀಯಾ?"

ಅವಳ ಪರವಾಗಿ ಅಣ್ಣನೇ ತಲೆಯಾಡಿಸಿದ. 'ಇಲ್ಲ' ಎನ್ನಲು ಅವಳು ಬಾಯಿ ತೆರೆದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಮ್ಮ ಮಗ್ಗುಲು ಬದಲಿಸಿದ ಸದ್ದಾಯಿತು. ಅವಳು ಕುಂಚಗಳನ್ನು ಚೀಲಕ್ಕೆ ತುಂಬತೊಡಗಿದಳು.

ಮುಂದಿನ ವಾರ ಸಂಸ್ಥೆಯ ಶೆಡ್ಡಿನಲ್ಲಿ, ಬಿಳಿ ಆಂಬುಲೆನ್ಸಿನ ಬಾಗಿಲ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕುಂಚ ಅದ್ದಿದಳು. ಅಪ್ಪನ ಹಕ್ಕಿ ಇವರಿಗೆ ಸಿಗಬಾರದು, ಈ ಸಲವಾದರೂ ಎಲೆ ಬರಲಿ ಎಂದುಕೊಂಡು ಎಳೆದಳು.

ಹಕ್ಕಿಯೇ ಬಂತು. ಕೊಕ್ಕು, ರೆಕ್ಕೆ, ಬಾಲ, ಒಂದೂ ತಪ್ಪಿರಲಿಲ್ಲ.

"ಎಷ್ಟು ಚೆನ್ನಾಗಿದೆ ನೋಡಿ, ನಮ್ಮ ಹಕ್ಕಿ!" ಹಿಂದೆ ನಿಂತಿದ್ದ ಮೇಡಂ ಚಪ್ಪಾಳೆ ತಟ್ಟಿದರು. "ಮುಂದಿನ ಗಾಡಿ ತನ್ನಿ."